ಕೀಪ್ಯಾಡ್ ಲಾಕಿನ ಕೋಡ್ ಒತ್ತಿದರೂ ಬೋಲ್ಟ್ ಸರಿಯದಿದ್ದರೆ

ಮೋಟರ್ ಗುಂಯ್ ಅಂದರೂ ಬೋಲ್ಟ್ ಸಿಕ್ಕಿಕೊಳ್ಳುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ ಎಂದರೆ ದೋಷ ಬಹುಶಃ ಕೀಪ್ಯಾಡ್ ಲಾಕಿನದ್ದಲ್ಲ, ಬಾಗಿಲಿನದ್ದು. ಬೆಳಗಾವಿಯ ಜುಲೈ ಮಳೆಗೆ ಕಟ್ಟಿಗೆ ಉಬ್ಬಿ ಬೋಲ್ಟ್ ತಾನು ಹೋಗಿ ಕೂರುವ ಚೌಕಟ್ಟಿನ ತೂತಿನ ತಗಡಿಗೆ ಒತ್ತಿ ನಿಲ್ಲುತ್ತದೆ.

ಮೊದಲು ಬಾಗಿಲು ತೆರೆದಿಟ್ಟು ಕೋಡ್ ಒತ್ತಿ ನೋಡಿ. ಆಗಲೂ ಸಿಕ್ಕಿಕೊಂಡರೆ ಮೋಟರ್ ಕೆಟ್ಟಿರಬಹುದು, ವಾರಂಟಿಯಲ್ಲಿ ಕೇಳಿ. ಸಲೀಸಾಗಿ ಓಡಿದರೆ ಬೋಲ್ಟ್ ತುದಿಗೆ ಸೀಮೆಸುಣ್ಣ ಹಚ್ಚಿ ಲಾಕ್ ಮಾಡಿ. ತಗಡಿನ ತೂತಿನ ಅಂಚಿನಲ್ಲಿ ಗುರುತು ಬಿದ್ದ ಕಡೆ ಮಾತ್ರ ಅರದಿಂದ 1-2 ಮಿ.ಮೀ. ಉಜ್ಜಿ. ಬಡಿಗ ಹೇಳಿದ ಅಂತ ಈಗಲೇ ಬಾಗಿಲಿಗೆ ಉಜ್ಜುಗೊರಡು ಹೊಡೆಸಬೇಡಿ, ಬೇಸಿಗೆಯಲ್ಲಿ ಒಣಗಿ ಗಡಗಡ ಅಲ್ಲಾಡುತ್ತದೆ. ಮೇಲಿನ ಬಿಜಾಗರಿಯ ಸ್ಕ್ರೂ ಬಿಗಿ ಮಾಡಿ.

ಸೆಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ, 1.5 ವೋಲ್ಟಿನ ಆಲ್ಕಲೈನ್ ಹಾಕಿ. ಲಾಕಿನ ಜೊತೆ ಬಂದ ಕೀಲಿ ಮನೆಯೊಳಗೇ ಇದ್ದರೆ ಏನುಪಯೋಗ, ಪಕ್ಕದ ಮನೆಯಲ್ಲಿಡಿ.