ಮನೆ ಕೊಟ್ಟ ಮೇಲೆ ಭೇದಿ ಹೆಚ್ಚಾಯಿತೇ?

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಅಡಿ ಮನೆ ಕಟ್ಟಿಕೊಂಡ 200 ಕುಟುಂಬಗಳನ್ನೂ ಅದೇ ಊರುಗಳ ಬೇರೆ 200 ಕುಟುಂಬಗಳನ್ನೂ ಸಮೀಕ್ಷೆ ಮಾಡಿದೆವು. ಹೊಸ ಮನೆಯವರ ಮಕ್ಕಳಲ್ಲೇ ಭೇದಿ ಸ್ವಲ್ಪ ಜಾಸ್ತಿ ಕಂಡಿತು. ಯೋಜನೆಯಿಂದ ಆರೋಗ್ಯಕ್ಕೆ ಪ್ರಯೋಜನವಾಗಿಲ್ಲ ಎಂದು ವರದಿ ಬರೆಯಬಹುದೇ?

ಉತ್ತರ: ಬರೆಯಬೇಡಿ. ಎಡವಟ್ಟಾಗಿರುವುದು ಹೋಲಿಕೆಯಲ್ಲಿ. ಈ ಯೋಜನೆಯ ಮೂಲ ಪಟ್ಟಿ ಬಂದದ್ದು 2011ರ ಸಾಮಾಜಿಕ-ಆರ್ಥಿಕ ಮತ್ತು ಜಾತಿ ಗಣತಿಯಿಂದ. ಮನೆಯೇ ಇಲ್ಲದವರು, ಒಂದೆರಡು ಕೋಣೆಯ ಕಚ್ಚಾ ಮನೆಯವರು ಅದರಲ್ಲಿದ್ದರು. ನೀವು ಆರಿಸಿದ 'ಬೇರೆ ಕುಟುಂಬ'ಗಳಲ್ಲಿ ಎಷ್ಟೋ ಮಂದಿಗೆ ಮೊದಲಿನಿಂದಲೂ ಗಟ್ಟಿ ಮನೆ, ನಲ್ಲಿ ನೀರು, ಒಂದಿಷ್ಟು ಜಮೀನು ಇರುತ್ತದೆ. ಅವರ ಮಕ್ಕಳಿಗೆ ಭೇದಿ ಕಡಿಮೆ ಎನ್ನುವುದಕ್ಕೆ ಸಮೀಕ್ಷೆಯೇ ಬೇಕಿರಲಿಲ್ಲ.

ಸರಿಯಾದ ಜೋಡಿ ಯೋಜನೆಯ ಪಟ್ಟಿಯಲ್ಲೇ ಇದೆ: ಈ ವರ್ಷ ಮಂಜೂರಾದವರು ಒಂದು ಕಡೆ, ಇನ್ನೂ ಸರದಿಗೆ ಕಾದಿರುವವರು ಇನ್ನೊಂದು ಕಡೆ. ಸರದಿ ಕೂಡ ಹೆಚ್ಚು ಕಷ್ಟದಲ್ಲಿರುವವರಿಂದಲೇ ಶುರುವಾಗುವುದರಿಂದ ಪಟ್ಟಿಯಲ್ಲಿ ಹತ್ತಿರ ಹತ್ತಿರ ಇರುವವರನ್ನು ಆರಿಸಿ. ಇಬ್ಬರನ್ನೂ ತಳಪಾಯ ತೋಡುವ ಮೊದಲೊಮ್ಮೆ, ಒಳಗೆ ವಾಸ ಶುರುವಾಗಿ ವರ್ಷ ಕಳೆದ ಮೇಲೊಮ್ಮೆ ನೋಡಿ. ಮೊದಲ ಸುತ್ತು ಜುಲೈನಲ್ಲಾದರೆ ಎರಡನೆಯದೂ ಜುಲೈನಲ್ಲೇ ಆಗಬೇಕು. ಮಳೆಗಾಲದ ಭೇದಿಯನ್ನು ಬೇಸಿಗೆಯದರ ಜೊತೆ ತೂಗಿದರೆ ಲೆಕ್ಕ ಕೆಟ್ಟಿತು.

200 ಸಂಖ್ಯೆಯೂ ಸಾಲದು. ಭೇದಿ ಶೇ 10ರಿಂದ ಶೇ 7ಕ್ಕೆ ಇಳಿದದ್ದನ್ನು ಹಿಡಿಯಲು ಪ್ರತಿ ಗುಂಪಿಗೆ ಸುಮಾರು 1,350 ಮಕ್ಕಳು ಬೇಕು. ಶೇ 5ಕ್ಕೆ ಇಳಿದರೆ 430ರಷ್ಟು ಸಾಕು. ಒಂದೇ ಊರಿನ ಮಕ್ಕಳು ಒಂದೇ ನೀರು ಕುಡಿಯುವುದರಿಂದ ಇದಕ್ಕೂ ಮೇಲೆ ಸೇರಿಸಬೇಕಾಗುತ್ತದೆ. ಅಷ್ಟು ಜನ ಸಿಗದಿದ್ದರೆ ಹಿಮೋಗ್ಲೋಬಿನ್ ಮಟ್ಟ, ಮಲಪರೀಕ್ಷೆಯಲ್ಲಿ ಜಂತುಹುಳು ಅಳೆಯಿರಿ. ತಾಯಿಯ ನೆನಪಿಗಿಂತ ಇವು ನೆಚ್ಚಿಕೆಯವು. ಭೇದಿ ಕೇಳಲೇಬೇಕೆಂದಿದ್ದರೆ 'ಕಳೆದ ಏಳು ದಿನದಲ್ಲಿ, ಒಂದೇ ದಿನ ಮೂರು ಅಥವಾ ಹೆಚ್ಚು ಸಲ ನೀರುನೀರಾಗಿ ಹೋಯಿತೇ?' ಎಂದೇ ಕೇಳಿ. ಕೇಳುವವರು ಪಂಚಾಯತಿಯವರಾಗಿರಬಾರದು. ಮುಂದಿನ ಕಂತಿನ ಬಿಲ್ ಬಾಕಿಯಿರುವಾಗ 'ಎಲ್ಲಾ ಚೆನ್ನಾಗಿದೆ ಸಾರ್' ಬಿಟ್ಟು ಬೇರೆ ಉತ್ತರ ಬರುವುದಿಲ್ಲ.

ಮೆಕ್ಸಿಕೋದಲ್ಲಿ ಇದನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆ. ಕೊವಾಹುಯಿಲಾ ರಾಜ್ಯವು 2000ದಿಂದ ಬಡವರ ಮನೆಯ ಮಣ್ಣಿನ ನೆಲಕ್ಕೆ ಕಾಂಕ್ರೀಟ್ ಹಾಸಲು ನೆರವಾಯಿತು. ಹೋಲಿಕೆಗೆ ತೆಗೆದುಕೊಂಡದ್ದು ಆ ರಾಜ್ಯದ ತೊರೆಯೋನ್ ನಗರಕ್ಕೆ ತಾಗಿಕೊಂಡೇ ಇದ್ದರೂ ಪಕ್ಕದ ದುರಾಂಗೋ ರಾಜ್ಯಕ್ಕೆ ಸೇರಿದ, ಹಾಗಾಗಿ ಈ ನೆಲ ಸಿಗದ ಊರುಗಳನ್ನು. ಗಾಳಿ, ಕೂಲಿ, ಮಾರುಕಟ್ಟೆ ಎಲ್ಲ ಒಂದೇ. ನೆಲ ಮಾತ್ರ ಬೇರೆ. ಮನೆಯ ಮಣ್ಣಿನ ನೆಲವೆಲ್ಲ ಕಾಂಕ್ರೀಟಾದಾಗ ಚಿಕ್ಕ ಮಕ್ಕಳಲ್ಲಿ ಪರೋಪಜೀವಿ ಸೋಂಕು ಶೇ 78, ಭೇದಿ ಶೇ 49, ರಕ್ತಹೀನತೆ ಶೇ 81ರಷ್ಟು ಇಳಿದದ್ದಾಗಿ ಅಂದಾಜು. ತೆವಳುವ ಮಗು ಕೈಗೆ ಮೆತ್ತಿಕೊಂಡ ಮಣ್ಣನ್ನೇ ಬಾಯಿಗೂ ಹಾಕಿಕೊಳ್ಳುತ್ತದೆ. ಆ ಮಣ್ಣಿನಲ್ಲಿ ಜಂತಿನ ಮೊಟ್ಟೆಗಳಿರುತ್ತವೆ. ಕಾಂಕ್ರೀಟ್ ನೆಲವನ್ನಾದರೆ ತೊಳೆದು ಒರೆಸಬಹುದು.

ನಮ್ಮಲ್ಲಿ ಅಷ್ಟು ಸಲೀಸಿಲ್ಲ. ಮನೆಯ ಜೊತೆಗೇ ಶೌಚಾಲಯಕ್ಕೆ 12,000 ರೂಪಾಯಿ, ಕೆಲವರಿಗೆ ಉಜ್ವಲಾ ಗ್ಯಾಸ್ ಬರುತ್ತದೆ. ಯಾವುದರಿಂದ ಏನಾಯಿತೆಂದು ಬಿಡಿಸಲು ಪ್ರತಿ ಮನೆಯಲ್ಲಿ ಯಾವುದು ಇದೆ ಎಂಬುದಕ್ಕಿಂತ ಯಾವುದನ್ನು ಬಳಸುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಗ್ಯಾಸ್ ಒಳಗಿದ್ದರೂ ಹಿತ್ತಲಲ್ಲಿ ಸೌದೆ ಒಲೆ ಉರಿಯುತ್ತಿರುತ್ತದೆ. ಹೊಸ ಮನೆಯಲ್ಲಿ ಮೇವು, ಗೊಬ್ಬರದ ಚೀಲ ತುಂಬಿ, ಜನ ಹಳೆಯ ಮನೆಯಲ್ಲೇ ಮಲಗುವುದೂ ಉಂಟು. ಅಂಥವರನ್ನು ಲೆಕ್ಕದಿಂದ ತೆಗೆಯಬೇಡಿ, ಮಂಜೂರಾದವರ ಗುಂಪಿನಲ್ಲೇ ಇಟ್ಟುಕೊಳ್ಳಿ. ಯೋಜನೆಯ ಪರಿಣಾಮದಲ್ಲಿ ಅದೂ ಸೇರಿದೆ.

ಕೊನೆಗೆ ಸಾಲದ ಕಲಮೊಂದು ನಿಮ್ಮ ನಮೂನೆಯಲ್ಲಿರಲಿ. ಬಯಲು ಪ್ರದೇಶಗಳಿಗೆ ಕೇಂದ್ರ ಯೋಜನೆ ನಿಗದಿ ಮಾಡಿದ ಸಹಾಯಧನ 1.20 ಲಕ್ಷ ರೂಪಾಯಿ. ಅಷ್ಟರಲ್ಲಿ ಆರ್‌ಸಿಸಿ ಮುಗಿಯದೆ ಬಡ್ಡಿಗೆ ಹಣ ತಂದ ಮನೆಯಲ್ಲಿ ಹಾಲು, ಮೊಟ್ಟೆ ಮೊದಲು ನಿಲ್ಲುತ್ತವೆ. ಆಗ ನೆಲ ಗಟ್ಟಿಯಾದರೂ ಹಿಮೋಗ್ಲೋಬಿನ್ ಏರದೆ ನಿಂತಿರಬಹುದು, ಸಾಲ ಬರೆದುಕೊಳ್ಳದಿದ್ದರೆ ನಿಮಗೆ ಕಾರಣವೇ ಕಾಣುವುದಿಲ್ಲ.