ಗೇಟಿನ ‘ರಾಟ್’, ಪದ್ಯದ ‘ರಾಟ್’

ಪ್ರಶ್ನೆ: ಸರ್, ಮನೆ ಗೇಟಿಗೆ ಅಂತ ವೆಲ್ಡಿಂಗ್ ಶಾಪಿಂದ ಕೊಟೇಶನ್ ತಂದಿದ್ವಿ, ಅದ್ರಲ್ಲಿ ‘ರಾಟ್ ಐರನ್’ ಅಂತಿತ್ತು. ಅಪ್ಪ ಓದಿ ‘ಕೊಳೆತ ಕಬ್ಬಿಣಕ್ಕೆ ಇಷ್ಟು ರೇಟಾ’ ಅಂದ್ರು. ನಮ್ಮ ಬಿ.ಎ. ಪಾಠದ ಪದ್ಯದಲ್ಲೂ ಅದೇ ಪದ ಕ್ರಿಯಾಪದ ಆಗಿ ಬಂದಿದೆ. ಎರಡೂ ಒಂದೇನಾ?
– ವಿದ್ಯಾರ್ಥಿನಿ, ಕಾರವಾರ

ಉತ್ತರ: ಒಂದೇ, ತಂಗಿ. ಕೊಳೆಯೋ ರಾಟ್ ಬೇರೆ, ಇದು ಡಬ್ಲ್ಯೂದಿಂದ ಶುರುವಾಗಿ ನಡುವೆ ಜಿ-ಎಚ್ ಸುಮ್ನೆ ಕೂತಿರೋ ರಾಟ್ (wrought), ‘ವರ್ಕ್’ನ ಹಳೇ ಭೂತಕಾಲ. ಹಳೇ ಇಂಗ್ಲಿಷಲ್ಲಿ ಆರ್ ಸ್ವರ ಆದ್ಮೇಲೆ ಇತ್ತು, ಜನರ ಬಾಯಲ್ಲಿ ಹಾರಿ ಸ್ವರಕ್ಕಿಂತ ಮುಂದೆ ಬಂತು, ನಮ್ಮ ಶಾಲೆ ಮಕ್ಕಳು ಡೆಸ್ಕನ್ನ ಡೆಕ್ಸ್ ಮಾಡ್ತಾರಲ್ಲ ಹಾಗೆ. ಆಮೇಲೆ ಎಲ್ರೂ ‘ವರ್ಕ್ಡ್’ ಅನ್ನೋಕೆ ಹಿಡಿದ್ರು, ಹಳೇದು ಬೈಬಲ್ಲು, ಪದ್ಯ, ಕಮ್ಮಾರಸಾಲೆ ಕಡೆ ಉಳ್ಕೊಂಡ್ತು. ರಾಟ್ ಐರನ್ ಅಂದ್ರೆ ಕಾಯಿಸಿ ಬಡಿದು ರೂಪ ಕೊಟ್ಟ ಕಬ್ಬಿಣ, ಎರಕ ಹೊಯ್ದದ್ದಲ್ಲ. (ಈಗ ಆ ಹೆಸರಲ್ಲಿ ಮಾರೋದು ಹೆಚ್ಚಿಗೆ ಮೈಲ್ಡ್ ಸ್ಟೀಲೇ, ಹಾಗಾಗಿ ಅಪ್ಪ ರೇಟ್ ಕೇಳಿದ್ದು ಸರಿನೇ ಇದೆ.)

ಪದ್ಯದಲ್ಲಿ ಇದು ನಮ್ಮ ‘ಗೈದ’ ಇದ್ದ ಹಾಗೆ. ಯಕ್ಷಗಾನದಲ್ಲಿ ‘ಘೋರ ಯುದ್ಧ ಗೈದ’ ಅಂದ್ರೆ ಮೈ ಜುಂ ಅನ್ನತ್ತೆ, ಅದೇ ಆಟ ಮುಗಿಸಿ ಬೆಳಿಗ್ಗೆ ಮನೆಗೆ ಬಂದು ‘ಆಯಿ, ದೋಸೆ ಗೈದ್ಯಾ’ ಅಂತ ಕೇಳಿದ್ರೆ ನಿದ್ದೆ ಕೆಟ್ಟು ತಲೆ ಹೋಗಿದೆ ಅಂತಾಳೆ. 1844ರ ಮೇ 24ಕ್ಕೆ ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್ನಿಂದ ಬಾಲ್ಟಿಮೋರಿಗೆ ಕಳಿಸಿದ ತಂತಿ ಸಂದೇಶ ‘ವಾಟ್ ಹ್ಯಾತ್ ಗಾಡ್ ರಾಟ್’, ಬೈಬಲ್ಲಿನ ಅರಣ್ಯಕಾಂಡದ್ದು, ದೇವರು ಎಂಥಾ ಕಾರ್ಯ ಗೈದ ಅಂತ. ಅಲ್ಲಿ ‘ವರ್ಕ್ಡ್’ ಹಾಕಿ ಓದಿ ನೋಡು, ದೇವರು ಡ್ಯೂಟಿ ಮುಗಿಸಿ ಬಂದ ಹಾಗಿರತ್ತೆ.

ಪೇಪರಲ್ಲಿ ಚಂಡಮಾರುತದ ಸುದ್ದಿಗೆ ‘ರಾಟ್ ಹ್ಯಾವಕ್’ (ಭಾರೀ ಹಾನಿ ಮಾಡ್ತು) ಅಂತ ಬರೀತಾರೆ, ಅಲ್ಲಿ ಗೈದ ಹೊಂದಲ್ಲ, ‘ಎಸಗಿತು’ ಬೇಕು, ನಾವು ದ್ರೋಹ ಎಸಗಿದ ಅಂತೀವಲ್ಲ. ಈ ರಾಟನ್ನ ‘ರೀಕ್’ (wreak, ಹಾನಿ ಎಸಗು) ಅನ್ನೋದರ ಭೂತಕಾಲ ಅಂದ್ಕೊಂಡೋರು ತುಂಬಾ ಜನ, ಅದರದ್ದು ‘ರೀಕ್ಡ್’.

ಹಾಂ, ‘ಪ್ಲೇರೈಟ್’ ಬರೆಯೋವಾಗ ಕೊನೆಗೆ ಬರೆಯೋ ‘ರೈಟ್’ ಸ್ಪೆಲ್ಲಿಂಗ್ ಹಾಕಿ ಮಾರ್ಕ್ಸ್ ಕಳ್ಕೋಬೇಡ. ಅಲ್ಲಿರೋದು ಜಿ-ಎಚ್ ಇರೋ ‘ರೈಟ್’ (wright), ಅದೂ ಈ ವರ್ಕ್ ಕುಲದ್ದೇ, ಹಡಗು ಕಟ್ಟೋ ಬಡಗಿ ಶಿಪ್‌ರೈಟ್, ನಾಟಕ ಕಟ್ಟೋನು ಪ್ಲೇರೈಟ್.