ಮೊದಲ ಆಯ್ಕೆ ಅಂತ ಎರಡು ಕಡೆ ಬರೆದವಳು

ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಹುಡುಗಿಯ ಒಪ್ಪಿಗೆ ಇದೆ.

ಮಾರ್ಚ್ ಮೂರನೇ ವಾರ, ಬುಧವಾರ ಸಂಜೆ. ತಾಯಿ, ಮಗಳು ಇಬ್ಬರೂ ನನ್ನ ಬಳಿ ಆಪ್ತಸಲಹೆಗೆ ಬಂದಿದ್ದರು. ಮಗಳಿಗೆ 23 ವರ್ಷ, ಮೇಘನಾ ಅನ್ನೋಣ. ಹುಟ್ಟಿ ಬೆಳೆದದ್ದು ಅಮೆರಿಕದ ಪೂರ್ವ ಕರಾವಳಿಯಲ್ಲಿ. ಕನ್ನಡ ಸಲೀಸಾಗಿ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಡಿಗ್ರಿ ಮುಗಿಸಿ, ಎಮರ್ಜೆನ್ಸಿ ವಿಭಾಗದಲ್ಲಿ ಡಾಕ್ಟರ ಹಿಂದೆ ಲ್ಯಾಪ್‌ಟಾಪ್ ತಳ್ಳಿಕೊಂಡು ಟಿಪ್ಪಣಿ ಟೈಪ್ ಮಾಡುವ ಕೆಲಸದಲ್ಲಿದ್ದಳು. ಆ ವರ್ಷವೇ ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕಿದ್ದಳು. ತಾಯಿ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಿದ್ದೆ ಮಾಡ್ತಿಲ್ಲ, ಊಟ ಸೇರ್ತಿಲ್ಲ, ಕೇಳಿದ್ರೆ ರೇಗ್ತಾಳೆ."

ಕೂತ ಮೇಲೆ ಮೇಘನಾ ಬ್ಯಾಗಿನಿಂದ ಎರಡು ಕಾಗದ ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. ಎರಡು ಕಾಲೇಜಿಗೆ ಬರೆದ ಎರಡು ಪತ್ರ. ಒಂದು ಫೆಬ್ರವರಿಯದು, ಇನ್ನೊಂದು ಮಾರ್ಚ್ ಮೊದಲ ವಾರದ್ದು. ಎರಡರಲ್ಲೂ ಕೊನೆಯ ಪ್ಯಾರಾ ಒಂದೇ: ನಿಮ್ಮ ಕಾಲೇಜೇ ನನ್ನ ಮೊದಲ ಆಯ್ಕೆ, ಸೀಟು ಕೊಟ್ಟರೆ ಖಂಡಿತ ಬಂದು ಸೇರುತ್ತೇನೆ. ಎರಡನೆಯದರಲ್ಲಿ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದಳು. "ಸರೋವರದ ದಂಡೆಯ ನಿಮ್ಮ ಉಚಿತ ಕ್ಲಿನಿಕ್" ಅಂತ ಅಲ್ಲಿತ್ತು. "ಆಂಟಿ, ಈ ಊರಲ್ಲಿ ಸರೋವರಾನೇ ಇಲ್ಲ, ಅದು ಮೊದಲ್ನೇ ಕಾಲೇಜಿನ ಊರಿಂದು. ಅಪ್‌ಲೋಡ್ ಮಾಡಿದ ಮೇಲೆ ನೋಡ್ದೆ" ಅಂದಳು. ನಗು ಬಂತು, ನಕ್ಕೆ. ಅವಳೂ ನಕ್ಕಳು, ಮರುಕ್ಷಣ ಅಳು ಬಂತು.

ಕರ್ನಾಟಕದಲ್ಲಿ ಕೂತು ಓದುವವರಿಗೆ ಈ ಪತ್ರಗಳ ವ್ಯವಹಾರ ವಿಚಿತ್ರ ಅನ್ನಿಸಬಹುದು. ಇಲ್ಲಿ ಅಮೆರಿಕದಲ್ಲಿ ಎಂಡಿ (ಡಾಕ್ಟರಾಗುವ ಮೊದಲ ಪದವಿ, ನಮ್ಮ ಎಂಬಿಬಿಎಸ್ ಇದ್ದ ಹಾಗೆ) ಕೊಡುವ ಕಾಲೇಜುಗಳಿಗೆ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕುತ್ತಾರೆ, ಸೇರುವವರು ಸುಮಾರು 23 ಸಾವಿರ. ಆಮ್‌ಕ್ಯಾಸ್ ಎಂಬ ಒಂದೇ ಅರ್ಜಿ ಹತ್ತಿಪ್ಪತ್ತು ಕಾಲೇಜಿಗೆ ಹೋಗುತ್ತದೆ. ಆಮೇಲೆ ಪ್ರತಿ ಕಾಲೇಜಿನ ಪ್ರಶ್ನೆಗಳಿಗೆ ಬೇರೆ ಬೇರೆ ಪ್ರಬಂಧ, ಸಂದರ್ಶನ, ಕೊನೆಗೆ ಹೌದು, ಇಲ್ಲ, ಅಥವಾ ವೇಟ್‌ಲಿಸ್ಟ್. ಆ ವೇಟ್‌ಲಿಸ್ಟಿನಲ್ಲಿ ಕೂತವರು ಬರೆಯುವ ಪತ್ರಗಳೇ ಇವು. ನಿಮ್ಮಲ್ಲಿ ಆಸಕ್ತಿ ಇದೆ ಅನ್ನುವ ಪತ್ರ ಒಂದು ಬಗೆ. ಅದನ್ನು ಐದು ಕಡೆ ಬರೆದರೂ ತಪ್ಪಿಲ್ಲ, ಐದು ಕಡೆಯೂ ಆಸಕ್ತಿ ಇರುವುದು ನಿಜವೇ. ಕೊಟ್ಟರೆ ಬಂದೇ ಬರುತ್ತೇನೆ ಅನ್ನುವುದು ಇನ್ನೊಂದು ಬಗೆ, ಲೆಟರ್ ಆಫ್ ಇಂಟೆಂಟ್. ಕಾನೂನಿನ ಬಲ ಇದಕ್ಕೆ ಇಲ್ಲ. ಆದರೆ ಒಂದು ಕಾಲೇಜಿಗೆ ಮಾತ್ರ ಬರೆಯುವುದು ಅಂತ ಬರೆಯುವವರಿಗೂ ಓದುವವರಿಗೂ ಗೊತ್ತು.

ತಾಯಿಗೆ ಇದು ಒಪ್ಪಿಗೆಯಾಗಲಿಲ್ಲ. "ನಮ್ಮ ಕಾಲದಲ್ಲಿ ಸಿಇಟಿ ರ‍್ಯಾಂಕ್ ಬಂದ್ರೆ ಬೆಂಗಳೂರಿಗೆ ಹೋಗಿ ಸೀಟು ಆರಿಸ್ಕೊಂಡು ಬರ್ತಿದ್ವಿ, ಪತ್ರ ಗಿತ್ರ ಏನೂ ಇರ್ಲಿಲ್ಲ. ಹೋದ ವರ್ಷ ನನ್ನ ತಂಗಿ ಮಗ ಕೆಇಎನಲ್ಲಿ ಅಷ್ಟುದ್ದ ಆಪ್ಷನ್ ಲಿಸ್ಟ್ ಹಾಕಿದ. ಅದನ್ನ ಯಾರೂ ಸುಳ್ಳು ಅನ್ಲಿಲ್ವಲ್ಲ ಮೇಡಂ?"

ಪ್ರಶ್ನೆ ನ್ಯಾಯವಾದದ್ದೇ. ಕೆಇಎ ಆಪ್ಷನ್ ಪಟ್ಟಿಯಲ್ಲಿ ಒಂದರ ಕೆಳಗೊಂದು ಕಾಲೇಜು ಬರೆಯುತ್ತೇವೆ. ಒಂದನೇ ಜಾಗದಲ್ಲಿ ಒಂದೇ ಕಾಲೇಜು ಕೂರಲು ಸಾಧ್ಯ. ಸಿಕ್ಕ ಸೀಟು ಇಟ್ಟುಕೊಂಡು ಮೇಲಿನದಕ್ಕೆ ಕಾಯುತ್ತೇನೆ ಅಂದರೆ ಅದಕ್ಕೂ ಚಾಯ್ಸ್ 2 ಅಂತ ಗುಂಡಿ ಇದೆ, ಒತ್ತಿದ್ದು ಕೆಇಎಗೆ ಗೊತ್ತಿರುತ್ತದೆ. "ಮೇಘನಾ ಮಾಡಿದ್ದು ಎರಡು ಕಾಲೇಜನ್ನ ಒಂದನೇ ನಂಬರಲ್ಲಿ ಹಾಕಿ, ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳದೆ ಇದ್ದದ್ದು" ಅಂದೆ. ತಾಯಿ ಸುಮ್ಮನಾದರು. ಒಪ್ಪಿದರು ಅಂತ ನನಗನ್ನಿಸಲಿಲ್ಲ.

ಎರಡನೇ ಪತ್ರದ ಹಿಂದೆ ಇದ್ದವರು ಚಿಕ್ಕಪ್ಪ. ಅವರೂ ಡಾಕ್ಟರು. "ಎಲ್ರೂ ಮಾಡೋದೇ. ಕಾಲೇಜಿನವರು ನೂರಾರು ಜನಕ್ಕೆ ಆಸೆ ತೋರಿಸಿ ಕೂರಿಸಿಲ್ವಾ?" ಅಂದಿದ್ದರಂತೆ. ಇದರ ಎರಡನೇ ಅರ್ಧ ಸುಳ್ಳಲ್ಲ. ತಿಂಗಳುಗಟ್ಟಲೆ ಉತ್ತರ ಕೊಡದ ಸಂಸ್ಥೆಯ ಮುಂದೆ ಮಕ್ಕಳು ಮಾತ್ರ ಸತ್ಯಹರಿಶ್ಚಂದ್ರರಾಗಬೇಕು ಅನ್ನುವುದು ನನಗೂ ಒಮ್ಮೊಮ್ಮೆ ಇರುಸುಮುರುಸು. ಹಾಗಂತ ಆ ಸಿಟ್ಟನ್ನು ಈ ಹುಡುಗಿಯ ಸಹಿಯ ಮೇಲೆ ತೀರಿಸಿಕೊಳ್ಳಬೇಕೆ?

ತಾಯಿಯನ್ನು ಇಪ್ಪತ್ತು ನಿಮಿಷ ಹೊರಗೆ ಕೂರಿಸಿದೆ. ಆಗ ಹೊರಬಿದ್ದದ್ದೇ ಬೇರೆ. ಫೆಬ್ರವರಿಯ ಪತ್ರ ಅಪ್ಪಟ ನಿಜ. ಸರೋವರದ ಊರಿಗೆ ಹೋಗಬೇಕು ಅಂತ ಅವಳಿಗೆ ಕಾಲೇಜಿನ ಎರಡನೇ ವರ್ಷದಿಂದ ಆಸೆ. ಫೆಬ್ರವರಿ ಕೊನೆಯಲ್ಲಿ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಯಿತು, ಎರಡು ಸ್ಟೆಂಟ್ ಹಾಕಿದರು. ಅಂದಿನಿಂದ ಅವಳಿಗೆ ಮನೆಗೆ ಹತ್ತಿರದ ಕಾಲೇಜೇ ಬೇಕು. ಹಾಗಾಗಿ ಮಾರ್ಚ್ ಪತ್ರವೂ ನಿಜವೇ. ಮನಸ್ಸು ಬದಲಾಯಿಸಿದ್ದಕ್ಕೆ ಯಾರೂ ಅವಳನ್ನು ದೂರುವಂತಿಲ್ಲ. ಬದಲಾಯಿತು ಅಂತ ಮೊದಲನೆಯವರಿಗೆ ಹೇಳದೆ ಉಳಿದಳಲ್ಲ, ನಿದ್ದೆ ಕೆಡಿಸಿದ್ದು ಅದು. ಇಷ್ಟರ ಮೇಲೆ ಸೋಮವಾರ ಸರೋವರದ ಊರಿನಿಂದ ಮೇಲ್ ಬಂದಿತ್ತು: ನೀವು ಬರೆದದ್ದು ಈಗಲೂ ಹಾಗೇ ಇದೆಯೇ, ಸೀಟು ಕೊಟ್ಟರೆ ಬರುತ್ತೀರಾ, ಶುಕ್ರವಾರದೊಳಗೆ ತಿಳಿಸಿ.

"ಹೌದು ಅಂತ ಬರೆದುಬಿಟ್ರೆ ಏನಾಗುತ್ತೆ ಆಂಟಿ? ಆಮೇಲೆ ಬೇಡ ಅನ್ಬಹುದಲ್ವಾ?"

ಅನ್ನಬಹುದು, ನಿಯಮ ತಡೆಯುವುದಿಲ್ಲ. ಒಂದಕ್ಕಿಂತ ಹೆಚ್ಚು ಸೀಟು ಸಿಕ್ಕವರು ಏಪ್ರಿಲ್ 15ರೊಳಗೆ ಮೂರಕ್ಕೆ, 30ರೊಳಗೆ ಒಂದಕ್ಕೆ ಇಳಿಸಿಕೊಳ್ಳಬೇಕು ಅನ್ನುತ್ತದೆ ಇಲ್ಲಿನ ಮೆಡಿಕಲ್ ಕಾಲೇಜುಗಳ ಸಂಘ, ಎಎಎಂಸಿ. ಅಲ್ಲಿಯವರೆಗೆ ಹಿಡಿದಿಟ್ಟುಕೊಳ್ಳುವುದಕ್ಕೆ ಅವಕಾಶವಿದೆ. ಸಿಕ್ಕಿಬೀಳುತ್ತೀಯ ಅಂತ ಹೆದರಿಸಲು ನಾನು ಹೋಗಲಿಲ್ಲ. ಬೀಳದೆಯೂ ಇರಬಹುದು. ನಾನು ಕೇಳಿದ್ದು ಬೇರೆ: "ಆ ಮೇಲ್ ಕಳಿಸಿದ ಮೇಲೆ ಇವತ್ತು ರಾತ್ರಿ ನಿದ್ದೆ ಬರುತ್ತಾ?" ಬಹಳ ಹೊತ್ತು ಕಾಗದದ ಅಂಚು ಮಡಿಸುತ್ತಾ ಕೂತಿದ್ದಳು. ಆಮೇಲೆ ಕೇಳಿದೆ, "ಅಪ್ಪನ ಹತ್ರ ಮಾತಾಡಿದೀಯಾ?" ಇಲ್ಲ. ಕೇಳಿದರೆ ಹೋಗು ಅಂತಾರೆ, ಅದಕ್ಕೇ ಕೇಳಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಮೂರನೇ ಕಡೆಗೆ ಇಂಥ ಪತ್ರ ಬೇಡವೇ ಬೇಡ (ಚಿಕ್ಕಪ್ಪ ಅದಕ್ಕೂ ಕರಡು ಕಳಿಸಿದ್ದರು). ಇವತ್ತು ರಾತ್ರಿ ಬೇರೆ ಏನೂ ಮಾಡಬೇಡ, ಅಪ್ಪನ ಜೊತೆ ಕೂತು ಮಾತಾಡು. ಅವರ ಅನುಮತಿ ಕೇಳಲು ಅಲ್ಲ, ಹತ್ತಿರದ ಕಾಲೇಜು ಬೇಕಾಗಿರುವುದು ಅವರಿಗೋ ನಿನಗೋ ಅಂತ ತಿಳಿದುಕೊಳ್ಳಲು. ಮಾತಾಡಿದ ಮೇಲೂ ಹತ್ತಿರದ್ದೇ ಬೇಕು ಅನ್ನಿಸಿದರೆ ನಾಳೆ ಸರೋವರದ ಊರಿಗೆ ಉತ್ತರ ಬರೆ. ಹತ್ತಿರದ ಕಾಲೇಜಿಗೆ ಮತ್ತೇನೂ ಬರೆಯಬೇಕಿಲ್ಲ, ಆ ಪತ್ರ ತಾನಾಗಿ ನಿಜವಾಗುತ್ತದೆ. ನಷ್ಟವನ್ನೂ ಮುಚ್ಚಿಡಲಿಲ್ಲ: ಸರೋವರದ ಊರಿನ ಸೀಟು ಹೋಗಬಹುದು, ಹತ್ತಿರದ್ದು ಸಿಗದೆಯೂ ಇರಬಹುದು. ಕೈಯಲ್ಲಿ ಖಚಿತವಾಗಿ ಇದ್ದದ್ದು ಮೂರು ಗಂಟೆ ಡ್ರೈವ್ ದೂರದ ಇನ್ನೊಂದು ಕಾಲೇಜಿನ ಸೀಟು. ಅದರ ಎದುರು ಅವಳು ಪ್ಲಾನ್ ಟು ಎನ್‌ರೋಲ್, ಅಂದರೆ ಸದ್ಯಕ್ಕೆ ಇಲ್ಲೇ ಸೇರುವ ಯೋಚನೆ, ಅಂತ ಗುರುತು ಹಾಕಿದ್ದಳು. ಅದು ಹಾಗೇ ಇರಲಿ ಅಂದೆ, ಅದು ಇದ್ದರೂ ವೇಟ್‌ಲಿಸ್ಟಿನಲ್ಲಿ ಕಾಯಬಹುದು. ಇಲ್ಲೇ ಸೇರುವುದು ಖಚಿತ ಅನ್ನುವ ಕಮಿಟ್ ಟು ಎನ್‌ರೋಲ್ ಒತ್ತಿದರೆ ಮಾತ್ರ ಉಳಿದ ಎಲ್ಲ ಕಡೆಯಿಂದ ಹೆಸರು ತೆಗೆಸಬೇಕು. ಆ ಗುಂಡಿಗೆ ಇನ್ನೂ ಸಮಯವಿತ್ತು.

ಮರುದಿನ ಮಧ್ಯಾಹ್ನ ಅವಳ ಕರಡು ಬಂತು, ಒಂದೂವರೆ ಪುಟ. ನಾಲ್ಕು ಕಡೆ ಕ್ಷಮೆ, ಅಪ್ಪನ ಆಂಜಿಯೋಗ್ರಾಂ ವಿವರ, ಇನ್ನೊಂದು ಕಾಲೇಜಿನ ಹೆಸರು. ಫೋನಿನಲ್ಲಿ ಕೂತು ಹೊಡೆದುಹಾಕಿದೆವು. ಸ್ಟೆಂಟ್ ವಿಷಯ ಯಾಕೆ ಬೇಡ ಅಂತ ಕೇಳಿದಳು. ಅದನ್ನು ಓದಿದವರಿಗೆ ಕನಿಕರ ಬರುತ್ತದೆ, ಕನಿಕರ ಕೇಳಲು ಈ ಪತ್ರ ಬರೆಯುತ್ತಿಲ್ಲವಲ್ಲ ಅಂದೆ. ಉಳಿದದ್ದು ಇಂಗ್ಲಿಷಿನಲ್ಲಿ ಐದು ವಾಕ್ಯ. ತಾತ್ಪರ್ಯ ಇಷ್ಟು: "ಸೀಟು ಕೊಟ್ಟರೆ ಖಂಡಿತ ಬರುತ್ತೇನೆ ಅಂತ ಫೆಬ್ರವರಿಯಲ್ಲಿ ಬರೆದಿದ್ದೆ. ಆಗ ಅದು ನಿಜವಾಗಿತ್ತು. ಆಮೇಲೆ ಮನೆಯ ಪರಿಸ್ಥಿತಿ ಬದಲಾಗಿದೆ, ಈಗ ಆ ಮಾತು ಕೊಡಲಾರೆ. ಇದನ್ನು ಮೊದಲೇ ತಿಳಿಸಬೇಕಿತ್ತು, ತಡವಾಯಿತು. ಸೀಟು ಹಂಚುವಾಗ ದಯವಿಟ್ಟು ಇದನ್ನು ಗಮನದಲ್ಲಿಡಿ." ಗುರುವಾರ ಸಂಜೆ ಕಳಿಸಿದಳು. ಅಪ್ಪ ಏನಂದರು ಅಂತ ಕೇಳಿದ್ದಕ್ಕೆ, "ನನ್ನ ನೆಪ ಹೇಳ್ಬೇಡ ಅಂದ್ರು. ನೆಪ ಅಲ್ಲಪ್ಪಾ, ನಂಗೇ ಭಯ ಅಂದೆ. ಇಬ್ರೂ ಟಿವಿ ನೋಡ್ತಾ ಕೂತ್ವಿ" ಅಂದಳು.

ಸರೋವರದ ಊರಿನಿಂದ ಎರಡು ಸಾಲಿನ ಉತ್ತರ ಬಂತು: ತಿಳಿಸಿದ್ದಕ್ಕೆ ಧನ್ಯವಾದ, ನಿಮ್ಮ ಹೆಸರನ್ನು ಪಟ್ಟಿಯಿಂದ ತೆಗೆದಿದ್ದೇವೆ. ತಾಯಿ ಫೋನ್ ಮಾಡಿ ಬೇಜಾರು ಮಾಡಿಕೊಂಡರು, ನನ್ನ ಮೇಲೂ ಸ್ವಲ್ಪ. ಹತ್ತಿರದ ಕಾಲೇಜು ಏಪ್ರಿಲ್ ಕಳೆದರೂ ಕರೆಯಲಿಲ್ಲ, ಮೇ ಕಳೆದರೂ ಕರೆಯಲಿಲ್ಲ. ಮೇಘನಾ ಮೂರು ಗಂಟೆ ದೂರದ ಕಾಲೇಜಿಗೇ ಕಮಿಟ್ ಒತ್ತಿದಳು. ನಿದ್ದೆ ಮಾತ್ರ ಮಾರ್ಚ್ ಕೊನೆಗೇ ಸರಿಹೋಗಿತ್ತು. ನಮ್ಮ ಉಳಿದ ಎರಡು ಭೇಟಿಯಲ್ಲಿ ಕಾಲೇಜಿನ ಮಾತು ಬರಲೇ ಇಲ್ಲ, ರಾತ್ರಿ ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುವ ಬಗ್ಗೆಯೇ ಮಾತಾಡಿದೆವು.

ಜೂನ್‌ನಲ್ಲಿ ತಾಯಿಯ ಫೋನ್ ಮತ್ತೆ ಬಂತು. ಮಗಳ ವಿಷಯ ಇರಬೇಕು ಅಂದುಕೊಂಡೆ. "ಅವಳು ಚೆನ್ನಾಗಿದಾಳೆ ಮೇಡಂ, ಮನೆ ಹುಡುಕ್ತಿದಾಳೆ. ಇವರದ್ದೇ ಗೋಳು, ಉಪ್ಪಿನಕಾಯಿ ಬಿಡ್ತಾನೇ ಇಲ್ಲ, ಜಾಡಿ ಬಚ್ಚಿಟ್ರೂ ಹುಡುಕ್ತಾರೆ. ಒಂದ್ಸಲ ಕರ್ಕೊಂಡು ಬರ್ಲಾ?"